ಹೆಪ್ಪುಗಟ್ಟಿದ ಸರೋವರದ ಮೇಲೆ: ಚಳಿಗಾಲದ ಪ್ರವಾಸಕ್ಕೊಂದು ಪೂರ್ವಸಿದ್ಧತೆ

ದೆಹಲಿಯಲ್ಲಿ ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಕನ್ನಡಿಗರ ಮನೆಗಳಲ್ಲಿ ಎರಡು ಬಗೆಯ ಮಾತು ಆರಂಭವಾಗುತ್ತದೆ. ಊರಿನಿಂದ ಬಂದ ಹಿರಿಯರು ರಜಾಯಿಯಿಂದ ತಲೆ ಹೊರಗೆ ಹಾಕದೆ ಮಂಗಳೂರಿನ ಸೆಕೆಯನ್ನೂ ದಾವಣಗೆರೆಯ ಬಿಸಿಲನ್ನೂ ನೆನೆದು ನಿಟ್ಟುಸಿರಿಡುತ್ತಾರೆ. ರಾಜಧಾನಿಯಲ್ಲೇ ಹುಟ್ಟಿ ಬೆಳೆದ ಮಕ್ಕಳಾದರೋ ಇದಕ್ಕಿಂತಲೂ ಹೆಚ್ಚು ಚಳಿಯಿರುವ ಕಡೆಗೆ ಹೋಗೋಣವೆಂದು ಹಠ ಹಿಡಿಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಹಠಕ್ಕೆ ಒಂದು ಹೊಸ ಗುರಿ ದೊರೆತಿದೆ: ಹೆಪ್ಪುಗಟ್ಟಿದ ಸರೋವರದ ಮೇಲೆ ಕಾಲಿಗೆ ಅಲಗು ಕಟ್ಟಿಕೊಂಡು ಜಾರುವ ಸ್ಕೇಟಿಂಗ್. 2024ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಮೊದಲ ಭಾಗ ಲೇಹ್‌ನಲ್ಲಿ ನಡೆದುದನ್ನೂ, 2025ರಲ್ಲಿ ಭಾರತದ ಮಹಿಳೆಯರ ಐಸ್ ಹಾಕಿ ತಂಡ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕ ಗಳಿಸಿದುದನ್ನೂ ಮಕ್ಕಳು ಕಂಡಿದ್ದಾರೆ. ಆ ತಂಡದ ಬಹುಪಾಲು ಹೆಣ್ಣುಮಕ್ಕಳು ಲಡಾಖಿನವರು. ಹಳ್ಳಿಯ ಕೊಳಗಳ ಮೇಲೆ ಕಲಿತವರು. ಹಾಗಿರುವಾಗ ಮನೆಯ ಮಕ್ಕಳಿಗೆ ಆಸೆ ಹುಟ್ಟಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಈ ವಿಷಯದಲ್ಲಿ ಕನ್ನಡ ನಾಡಿನವರಿಗೆ ಒಂದು ಕೊರತೆಯಿದೆ. ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದ ಕೊಡಗಿನ ಬೆಳಗಿನ ಕಾವಳಕ್ಕೂ ಸಲ್ಲುತ್ತದೆ, ಹುಲ್ಲಿನ ಮೇಲಿನ ಇಬ್ಬನಿಗೂ ಸಲ್ಲುತ್ತದೆ, ಹಿಮಾಲಯದ ಹಿಮಕ್ಕೂ ಸಲ್ಲುತ್ತದೆ. ಮಂಜುಗಡ್ಡೆಯೆಂದರೆ ಮನಸ್ಸಿಗೆ ಬರುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿತಟ್ಟು ಸುತ್ತಿಟ್ಟ ದಿಮ್ಮಿ. ಮಲೆನಾಡಿನ ಹುಡುಗ ಕೆರೆಯ ಬಣ್ಣ ನೋಡಿ ಕೆಸರೆಲ್ಲಿ, ಆಳವೆಲ್ಲಿ ಎಂದು ಹೇಳಬಲ್ಲ. ಆ ತಿಳಿವಳಿಕೆ ಅವನಿಗೆ ಅಜ್ಜನಿಂದ ಬಂದದ್ದು. ಹೆಪ್ಪುಗಟ್ಟಿದ ನೀರಿನ ವಿಷಯದಲ್ಲಿ ಅಂಥ ಪಿತ್ರಾರ್ಜಿತ ವಿವೇಕ ಯಾವ ಕನ್ನಡಿಗನಿಗೂ ಇಲ್ಲ. ಆದ್ದರಿಂದ ಈ ಪ್ರವಾಸದ ಸಿದ್ಧತೆ ಟಿಕೆಟ್ಟಿನಿಂದಲ್ಲ, ತಿಳಿವಳಿಕೆಯಿಂದ ಆರಂಭವಾಗಬೇಕು.

ಮೊದಲನೆಯ ಪ್ರಶ್ನೆ ಎಲ್ಲಿಗೆ ಹೋಗುವುದೆಂಬುದು. ಹೊಸಬರಿಗೆ ಶಿಮ್ಲಾ ಉತ್ತಮ. ಅಲ್ಲಿಯ ಸ್ಕೇಟಿಂಗ್ ಅಂಗಳ 1920ರಿಂದ ನಡೆದುಬಂದಿದೆ. ಅದು ಸರೋವರವಲ್ಲ, ಸಮತಟ್ಟಾದ ನೆಲದ ಮೇಲೆ ನೀರು ಹಾಯಿಸಿ, ರಾತ್ರಿಯ ಚಳಿಗೆ ಹೆಪ್ಪುಗಟ್ಟಲು ಬಿಡುವ ಕ್ರಮ ಅಲ್ಲಿ ಬೆಳೆದುಬಂದದ್ದು. ಗಡ್ಡೆ ಒಡೆದರೂ ಕೆಳಗಿರುವುದು ನೆಲವೇ ಹೊರತು ಮಡುವಲ್ಲ. ಎತ್ತರ ಸುಮಾರು 2,200 ಮೀಟರ್. ಈ ಎತ್ತರದಲ್ಲಿ ಗಾಳಿಯ ಕೊರತೆಯಿಂದ ಕಾಯಿಲೆ ಬೀಳುವವರು ವಿರಳ. ಆಕಾಶ ಶುಭ್ರವಾಗಿದ್ದು ರಾತ್ರಿ ಚಳಿ ಕಚ್ಚಿದರೆ ಮಾತ್ರ ಆಟ. ಮೋಡ ಮುಸುಕಿತೋ ಅಂಗಳ ಕರಗಿ ನೀರಾಗುತ್ತದೆ. ಇಷ್ಟು ದೂರವೂ ಬೇಡವೆನ್ನುವವರಿಗೆ ಡೆಹರಾಡೂನ್ ಇದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಅಲ್ಲಿ ಕಟ್ಟಿದ ಒಳಾಂಗಣ ಬಹುಕಾಲ ಮುಚ್ಚಿದ್ದು, 2025ರಲ್ಲಿ ಮತ್ತೆ ತೆರೆಯಿತು. ಇಂಥ ಕಡೆ ಎರಡು ದಿನ ಬಿದ್ದು ಎದ್ದು ಕಲಿತವನು ಲಡಾಖಿನ ಕೊಳದ ಮೇಲೆ ಹೋಗಿ ಮೊದಲ ಸಲ ಬೀಳಬೇಕಾಗಿಲ್ಲ.

ಆದರೆ ‘ಪರ್ವತ ಸರೋವರ’ ಎಂಬ ಮಾತು ಸೆಳೆಯುವುದು ಲಡಾಖಿನ ಕಡೆಗೇ. ಲೇಹ್ ಪಟ್ಟಣದ ಕರ್ಜೂ ಕೊಳ, ಸಮೀಪದ ಗುಪುಕ್ಸ್ ಕೊಳಗಳು ಚಳಿಗಾಲದ ನಡುವೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. ಸ್ಥಳೀಯರು ಅಲ್ಲಿ ಪ್ರತಿದಿನ ಆಡುವುದರಿಂದ ಗಡ್ಡೆಯ ಸ್ಥಿತಿಗತಿ ಅವರಿಗೆ ಅಂಗೈ ರೇಖೆಯಷ್ಟು ಪರಿಚಿತ. ಇನ್ನೂ ಮೇಲೆ ಪ್ಯಾಂಗಾಂಗ್ ಸರೋವರ. ಉಪ್ಪುನೀರಾದರೂ ಅದು ಹೆಪ್ಪುಗಟ್ಟುತ್ತದೆ. 2023ರ ಫೆಬ್ರವರಿ 20ರಂದು ಅದರ ಮೇಲೆ 21 ಕಿಲೋಮೀಟರ್ ಓಟ ನಡೆದು ದಾಖಲೆಯಾಯಿತು. ಆ ಚಿತ್ರಗಳನ್ನು ಕಂಡವರು ಅನೇಕರು. ಅದರ ಹಿಂದೆ ಗಡ್ಡೆಯ ದಪ್ಪ ಅಳೆದವರು, ದಾರಿ ಗುರುತಿಸಿದವರು, ವೈದ್ಯರು, ರಕ್ಷಣಾ ತಂಡದವರು ಎಷ್ಟು ಜನ ದುಡಿದಿರಬೇಕೆಂದು ಯೋಚಿಸಿದವರು ಕಡಿಮೆ. ಕುಟುಂಬ ಸಮೇತ ಹೋಗುವವರಿಗೆ ಪ್ಯಾಂಗಾಂಗ್ ನೋಡುವ ಸ್ಥಳವೇ ಹೊರತು ಜಾರುವ ಸ್ಥಳವಲ್ಲ. ಉಪ್ಪುನೀರಿನ ಗಡ್ಡೆ ಸಿಹಿನೀರಿನದಕ್ಕಿಂತ ದುರ್ಬಲ. ಅಷ್ಟು ದೊಡ್ಡ ಸರೋವರದಲ್ಲಿ ಎಲ್ಲಿ ಬಿರುಕಿದೆಯೆಂದು ಬಾಡಿಗೆ ಕಾರಿನ ಚಾಲಕ ಹೇಳಲಾರ.

ಇನ್ನು ರಜೆಯ ಲೆಕ್ಕ. ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ನಾಲ್ಕು ದಿನ ಬಿಡುವು ಸಿಕ್ಕಿತೆಂದು ಲೇಹ್‌ಗೆ ವಿಮಾನ ಹತ್ತುವವರು ಬಹಳ. ದೆಹಲಿ ಸಮುದ್ರಮಟ್ಟದಿಂದ ಇನ್ನೂರು ಮೀಟರಿನ ಆಸುಪಾಸಿನಲ್ಲಿದೆ. ಲೇಹ್ ಸುಮಾರು 3,500 ಮೀಟರ್. ಒಂದೂವರೆ ಗಂಟೆಯೊಳಗೆ ದೇಹವನ್ನು ಅಷ್ಟು ಎತ್ತರಕ್ಕೆ ಎತ್ತಿಟ್ಟಂತಾಗುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೆಯ ಎರಡು ಪಾಲು ಮಾತ್ರ. ಪ್ರತಿ ಉಸಿರಿನಲ್ಲೂ ದೊರೆಯುವ ಆಮ್ಲಜನಕ ಅಷ್ಟಕ್ಕೆ ಇಳಿಯುತ್ತದೆ. ಇದಕ್ಕೆ ದೇಹ ಹೊಂದಿಕೊಳ್ಳಲು ಕನಿಷ್ಠ ಎರಡು ದಿನ ಪೂರ್ಣ ವಿಶ್ರಾಂತಿ ಬೇಕು. ಅಂದರೆ ನಾಲ್ಕು ದಿನದ ಪ್ರವಾಸದಲ್ಲಿ ಮೊದಲೆರಡು ದಿನ ಕೊಠಡಿಯಲ್ಲಿ ಮಲಗುವುದು, ಒಂದು ಬೆಳಗ್ಗೆ ಕೊಳದ ಮೇಲೆ, ಮರುದಿನ ವಾಪಸು. “ಇಷ್ಟು ಖರ್ಚು ಮಾಡಿ ಹೋಗಿ ಮಲಗುವುದೇ?” ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಲಗಲು ಮನಸ್ಸಿಲ್ಲದವರು ಶಿಮ್ಲಾಕ್ಕೆ ಹೋಗುವುದೇ ಲೇಸು. ಪ್ಯಾಂಗಾಂಗನ್ನೂ ಸೇರಿಸಿಕೊಳ್ಳಬೇಕೆಂದರೆ ಏಳು ದಿನಕ್ಕೆ ಕಡಿಮೆಯಿಲ್ಲದ ರಜೆ ಬೇಕು. ಮಾರ್ಗದ ಚಾಂಗ್ ಲಾ ಕಣಿವೆದಾರಿಯೇ 5,300 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಹವಾಮಾನ ಕೆಟ್ಟು ವಿಮಾನ ರದ್ದಾಗುವುದು ಅಲ್ಲಿ ಸಾಮಾನ್ಯವಾದ್ದರಿಂದ, ಕಚೇರಿಯಲ್ಲಿ ಒಂದು ದಿನದ ಹೆಚ್ಚುವರಿ ರಜೆಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಎತ್ತರದ ಕಾಯಿಲೆಯ ವಿಷಯದಲ್ಲಿ ಭಾರತದ ವೈದ್ಯರ ಕೊಡುಗೆ ಸಣ್ಣದಲ್ಲ. 1962ರ ಯುದ್ಧಕಾಲದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರದಿಂದ ಹಿಮಾಲಯದ ಎತ್ತರಗಳಿಗೆ ಸಾಗಿಸಬೇಕಾಯಿತು. ಶತ್ರುವಿನ ಗುಂಡು ತಗಲದೆಯೂ ಅನೇಕರು ಅಸ್ವಸ್ಥರಾದರು. ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1,925 ಸೈನಿಕರನ್ನು ಪರಿಶೀಲಿಸಿ 1969ರಲ್ಲಿ ಪ್ರಕಟಿಸಿದ ಲೇಖನ ಈ ಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಗಟ್ಟಿಮುಟ್ಟಾದ ತರುಣನೇ ಹೆಚ್ಚು ಸುರಕ್ಷಿತನೆಂಬ ನಂಬಿಕೆ ಇಲ್ಲಿ ಸಲ್ಲದು. ಪ್ರತಿದಿನ ವ್ಯಾಯಾಮ ಮಾಡುವ ಇಪ್ಪತ್ತೈದರ ಯುವಕ ಮೊದಲ ಸಂಜೆಯೇ ಪೇಟೆ ಸುತ್ತಿ ರಾತ್ರಿ ತಲೆ ಹಿಡಿದುಕೊಳ್ಳುತ್ತಾನೆ. ಮೊಣಕಾಲು ನೋವೆಂದು ಕಂಬಳಿ ಹೊದ್ದು ಕುಳಿತ ಅತ್ತೆಯವರು ಆರೋಗ್ಯವಾಗಿರುತ್ತಾರೆ. ಎಷ್ಟು ವೇಗವಾಗಿ ಏರಿದರು, ಏರಿದ ಮೇಲೆ ಎಷ್ಟು ದಣಿದರು ಎಂಬುದೇ ಮುಖ್ಯ.

ಸಾಮಾನ್ಯವಾಗಿ ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ವಾಕರಿಕೆ, ಅರುಚಿ, ತಲೆಸುತ್ತು, ನಿದ್ರಾಹೀನತೆ ಕಾಣಿಸುತ್ತವೆ. ವಿಶ್ರಾಂತಿಯಿಂದ ಒಂದೆರಡು ದಿನದಲ್ಲಿ ಇಳಿಯುವುದು ವಾಡಿಕೆ. ಲಕ್ಷಣವಿರುವವರೆಗೂ ಇನ್ನೂ ಮೇಲಕ್ಕೆ ಹೋಗಬಾರದು ಎಂಬುದೊಂದೇ ಅಲ್ಲಿಯ ಕಟ್ಟಳೆ. ಭಯಪಡಬೇಕಾದ್ದು ಎರಡು ಸ್ಥಿತಿಗಳಿಗೆ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಗಟ್ಟುವುದು, ನೊರೆಯಂಥ ಕಫ — ಇವು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಸೂಚನೆ. ಹೆಜ್ಜೆ ತಪ್ಪುವುದು, ನೇರ ಗೆರೆಯ ಮೇಲೆ ನಡೆಯಲಾಗದಿರುವುದು, ಅಸಂಬದ್ಧ ಮಾತು, ವಿಪರೀತ ತೂಕಡಿಕೆ — ಇವು ಮೆದುಳು ಊದಿಕೊಳ್ಳುತ್ತಿರುವುದರ ಸೂಚನೆ. ಎರಡೂ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲವು. ಆಮ್ಲಜನಕ ಕೊಡುವುದು, ಕೆಳಗಿಳಿಸುವುದು ಇವೆರಡೇ ನಿಜವಾದ ಮದ್ದು. ಚಳಿಗಾಲದಲ್ಲಿ ಮನಾಲಿಯ ರಸ್ತೆ ಮುಚ್ಚಿರುತ್ತದೆ. ವಿಮಾನ ಹಗಲಲ್ಲಿ ಮಾತ್ರ. ಆದ್ದರಿಂದ ಲೇಹ್‌ನ ಸೋನಂ ನೋರ್ಬೂ ಸ್ಮಾರಕ ಆಸ್ಪತ್ರೆ ಎಲ್ಲಿದೆಯೆಂಬುದನ್ನು ಇಳಿದ ದಿನವೇ ತಿಳಿದುಕೊಂಡಿರಬೇಕು. “ಬೆಳಗಾಗಲಿ, ನೋಡೋಣ” ಎಂಬ ಮಾತು ಅಲ್ಲಿ ಆಡತಕ್ಕದ್ದಲ್ಲ.

ಅಸಿಟಜೋಲಮೈಡ್ ಎಂಬ ಮಾತ್ರೆ ದೇಹ ಹೊಂದಿಕೊಳ್ಳುವುದನ್ನು ತ್ವರಿತಗೊಳಿಸುತ್ತದೆ. ದೊಡ್ಡವರಿಗೆ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಹೊರಡುವ ಹಿಂದಿನ ದಿನದಿಂದ ಎಂಬುದು ರೂಢಿಯ ಪ್ರಮಾಣ. ಆದರೆ ಸಲ್ಫಾ ಔಷಧ ಒಗ್ಗದವರೂ, ಮೂತ್ರಪಿಂಡದ ತೊಂದರೆಯಿರುವವರೂ, ಗರ್ಭಿಣಿಯರೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಪಕ್ಕದ ಮನೆಯವರು ತೆಗೆದುಕೊಂಡರೆಂಬುದು ಔಷಧಚೀಟಿಯಲ್ಲ. ಇನ್ನೊಂದು ಮಾತು: ಕರವಸ್ತ್ರದಲ್ಲಿ ಕರ್ಪೂರ ಕಟ್ಟಿಕೊಂಡು ಮೂಸಿದರೆ ಆಮ್ಲಜನಕ ಹೆಚ್ಚುವುದೆಂಬ ನಂಬಿಕೆ ಪ್ರವಾಸಿಗರಲ್ಲಿ ಹಬ್ಬಿದೆ. ಕರ್ಪೂರ ಮೂಗಿಗೆ ತಂಪೆನಿಸುವುದು ನಿಜ. ರಕ್ತದ ಆಮ್ಲಜನಕ ಅದರಿಂದ ಏರುವುದಿಲ್ಲ. ಮಂಗಳಾರತಿಗೆ ಮೀಸಲಾಗಿರಲಿ. ಕೈಯಲ್ಲಿ ಹಿಡಿಯುವ ಆಮ್ಲಜನಕದ ಸಣ್ಣ ಡಬ್ಬಿಗಳೂ ಕೆಲ ನಿಮಿಷಗಳ ಸಮಾಧಾನವನ್ನಷ್ಟೇ ಕೊಡುತ್ತವೆ.

ಇತ್ತೀಚೆಗೆ ಹೃದಯಾಘಾತವಾದವರು, ಹತೋಟಿಗೆ ಬಾರದ ರಕ್ತದೊತ್ತಡದವರು, ತೀವ್ರ ಶ್ವಾಸಕೋಶದ ಕಾಯಿಲೆಯವರು, ಎಳೆಗೂಸುಗಳು ಈ ಪ್ರವಾಸಕ್ಕೆ ಹೊರಡದಿರುವುದೇ ಮೇಲು. ಚಳಿಗೆ ರಕ್ತನಾಳಗಳು ಸಂಕುಚಿತವಾಗಿ ಒತ್ತಡ ಏರುತ್ತದೆ. ಒಣ ಚಳಿಗಾಳಿ ಅಸ್ತಮಾ ರೋಗಿಯ ಉಸಿರುನಾಳವನ್ನು ಕೆರಳಿಸುತ್ತದೆ. ಸಕ್ಕರೆ ಕಾಯಿಲೆಯವರು ಹೋಗಬಹುದು, ಆದರೆ ಒಂದು ಎಚ್ಚರ ಬೇಕು: ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬೆಂಗಳೂರಿನ ಬೇಸಿಗೆಯಲ್ಲಿ ಅದನ್ನು ತಂಪಾಗಿಡಲು ಹೆಣಗುವವರು ಲೇಹ್‌ನಲ್ಲಿ ಬೆಚ್ಚಗಿಡಲು ಹೆಣಗಬೇಕಾಗುತ್ತದೆ. ಸೀಸೆಯನ್ನು ಒಳ ಅಂಗಿಯ ಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳಬೇಕು. ಪಾದದ ಸ್ಪರ್ಶಜ್ಞಾನ ಕುಂದಿದವರು ಸ್ಕೇಟಿಂಗ್ ಬೂಟು ತೊಡದಿದ್ದರೆ ಒಳ್ಳೆಯದು. ಬೂಟು ಕಚ್ಚಿದ್ದೂ ತಿಳಿಯದು, ಬೆರಳು ಮರಗಟ್ಟಿದ್ದೂ ತಿಳಿಯದು.

ಈಗ ಗಡ್ಡೆಯ ವಿಚಾರ. ಲೋಕದ ಇತರ ದ್ರವಗಳಲ್ಲಿ ಬಹುಪಾಲು ತಣ್ಣಗಾದಷ್ಟೂ ಭಾರವಾಗಿ ಕೆಳಕ್ಕಿಳಿದರೆ, ನೀರು 4 ಡಿಗ್ರಿ ಸೆಲ್ಷಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಅದಕ್ಕಿಂತ ತಣ್ಣಗಾದಾಗ ಹಗುರಾಗಿ ಮೇಲೆಯೇ ಉಳಿಯುತ್ತದೆ. ಹೀಗಾಗಿ ಸಿಹಿನೀರಿನ ಸರೋವರ ಮೇಲಿನಿಂದ ಹೆಪ್ಪುಗಟ್ಟುತ್ತ ಬರುತ್ತದೆ, ಕೆಳಗೆ ಮೀನುಗಳು ಬದುಕಿರುತ್ತವೆ. ಈ ಮುಚ್ಚಳ ಎಲ್ಲೆಡೆ ಒಂದೇ ದಪ್ಪವಿರುವುದಿಲ್ಲ ಎಂಬುದೇ ಅಪಾಯದ ಮೂಲ. ತೊರೆ ಬಂದು ಸೇರುವಲ್ಲಿ, ನೀರು ಹೊರಹೋಗುವಲ್ಲಿ, ತಳದಲ್ಲಿ ಬುಗ್ಗೆಯಿರುವಲ್ಲಿ, ಬಂಡೆ ಅಥವಾ ಜೊಂಡು ಮೇಲೆದ್ದಿರುವಲ್ಲಿ ಗಡ್ಡೆ ತೆಳುವಾಗಿರುತ್ತದೆ. ಮೇಲೆ ಬಿದ್ದ ಹಿಮ ಕಂಬಳಿಯಂತೆ ಹೊದ್ದು ಗಡ್ಡೆ ದಪ್ಪವಾಗುವುದನ್ನು ತಡೆಯುತ್ತದೆ, ಬಿರುಕನ್ನೂ ಮರೆಮಾಡುತ್ತದೆ. ಹೊಸದಾಗಿ ಕಟ್ಟಿದ ತಿಳಿಯಾದ, ನೀಲಿಗಪ್ಪು ಗಡ್ಡೆ ಕನಿಷ್ಠ 10 ಸೆಂಟಿಮೀಟರ್ ದಪ್ಪವಿದ್ದರೆ ಒಬ್ಬರು ನಡೆಯಬಹುದೆಂದು ಬಲ್ಲವರ ಮತ; ಗುಂಪಾಗಿ ಆಡಲು ಇನ್ನಷ್ಟು ಬೇಕು. ಹಾಲಿನಂತೆ ಬೆಳ್ಳಗಿರುವ ಗಡ್ಡೆಯ ಬಲ ಅದರ ಅರ್ಧ ಮಾತ್ರವಾದ್ದರಿಂದ ದಪ್ಪ ಇಮ್ಮಡಿಯಿರಬೇಕು. ಬೂದುಬಣ್ಣಕ್ಕೆ ತಿರುಗಿ ನೀರೊಸರುವ ಗಡ್ಡೆಯನ್ನು ದಡದಿಂದಲೇ ನೋಡಿ ಹಿಂದಿರುಗಬೇಕು. ದಪ್ಪವನ್ನು ಬೈರಿಗೆಯಿಂದ ಕೊರೆದು ಅಳೆಯುತ್ತಾರೆ. ಕಾಲಿನಿಂದ ಒದ್ದು ಪರೀಕ್ಷಿಸುವುದು ಪರೀಕ್ಷೆಯಲ್ಲ.

2021ರ ಜನವರಿಯಲ್ಲಿ ಶ್ರೀನಗರದ ಉಷ್ಣಾಂಶ ಸೊನ್ನೆಗಿಂತ 8.4 ಡಿಗ್ರಿ ಕೆಳಗಿಳಿದು ದಾಲ್ ಸರೋವರ ಹೆಪ್ಪುಗಟ್ಟಿತು. ಬಹಳ ವರ್ಷಗಳ ಮೇಲೆ ಕಂಡ ದೃಶ್ಯ. ಉತ್ಸಾಹದಿಂದ ಜನ ಅದರ ಮೇಲಿಳಿದರು, ಹುಡುಗರು ಕ್ರಿಕೆಟ್ ಹೂಡಿದರು. ಆಡಳಿತ ಎಚ್ಚರಿಕೆ ನೀಡಬೇಕಾಯಿತು. ದೋಣಿಗಳು ಓಡಾಡುವ, ಮನೆಗಳ ನೀರು ಸೇರುವ ಸರೋವರದಲ್ಲಿ ಒಂದು ಗಜ ಗಟ್ಟಿಯಿದ್ದರೆ ಮುಂದಿನ ಗಜ ತೆಳುವಿರುವುದು ಸಹಜ. ಒಬ್ಬರು ನಿಂತ ಜಾಗದಲ್ಲಿ ಹತ್ತು ಮಂದಿ ಚಿತ್ರಕ್ಕಾಗಿ ಒತ್ತಾಗಿ ನಿಲ್ಲುವುದಂತೂ ಗಡ್ಡೆಗೆ ಮಾಡುವ ದೊಡ್ಡ ಅನ್ಯಾಯ. ಸ್ಥಳೀಯರು ಆಡದಿರುವ ಜಾಗದಲ್ಲಿ ಹೊರಗಿನವರು ಆಡಬಾರದು.

ಅಷ್ಟಾಗಿಯೂ ಗಡ್ಡೆ ಕುಸಿದರೆ? ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಹೀರುತ್ತದೆ. ಆದರೂ ಮನುಷ್ಯ ತಕ್ಷಣ ಚಳಿಯಿಂದ ಸಾಯುವುದಿಲ್ಲ; ಮೊದಲ ನಿಮಿಷದ ಗಾಬರಿಯಲ್ಲಿ ನೀರು ಕುಡಿದು ಸಾಯುತ್ತಾನೆ. ಕೆನಡಾದ ಶರೀರವಿಜ್ಞಾನಿ ಗೋರ್ಡನ್ ಗೀಸ್‌ಬ್ರೆಕ್ಟ್ ಇದನ್ನು ಮೂರು ಅಂಕಿಗಳಲ್ಲಿ ಪ್ರಸಿದ್ಧಗೊಳಿಸಿದರು: ಒಂದು, ಹತ್ತು, ಒಂದು. ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ. ಕೈಕಾಲು ಮಾತು ಕೇಳುವುದು ಹತ್ತು ನಿಮಿಷ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಬಿದ್ದವನು ಮೊದಲು ಉಸಿರು ಸಾವರಿಸಿಕೊಂಡು, ತಾನು ಬಂದ ದಿಕ್ಕಿಗೆ ತಿರುಗಬೇಕು. ಅಲ್ಲಿಯ ಗಡ್ಡೆ ಅವನ ಭಾರ ತಾಳಿದ್ದು ಖಚಿತ. ಮುಂಗೈಗಳನ್ನು ಅಂಚಿನ ಮೇಲೆ ಚಾಚಿ, ಕಾಲುಗಳನ್ನು ಈಜುವಂತೆ ಬಡಿದು, ಹೊಟ್ಟೆಯ ಮೇಲೆ ಮೇಲಕ್ಕೆ ಜಾರಬೇಕು. ಹೊರಬಂದೊಡನೆ ಎದ್ದು ನಿಲ್ಲದೆ ಉರುಳುತ್ತ ಅಥವಾ ತೆವಳುತ್ತ ದೂರ ಸರಿಯಬೇಕು. ದಡದಲ್ಲಿರುವವರು, ಅದು ಹೆತ್ತ ಮಗುವೇ ಆದರೂ, ಓಡಿಹೋಗಬಾರದು. ಒಬ್ಬರ ಜೊತೆಗೆ ಇಬ್ಬರಾಗುವುದು ಹೀಗೆಯೇ. ಹಗ್ಗ, ಕೋಲು, ಶಾಲು, ಏಣಿ ಯಾವುದಾದರೂ ಚಾಚಬೇಕು. ಹತ್ತಿರ ಹೋಗಲೇಬೇಕಾದರೆ ಬೋರಲು ಮಲಗಿ ತೆವಳಬೇಕು. ಪ್ರವಾಸದ ಚೀಲದಲ್ಲಿ ಹದಿನೈದು ಮೀಟರ್ ಹಗ್ಗವಿಲ್ಲದೆ ಸರೋವರದ ಕಡೆ ಹೊರಡುವುದೇ ತರವಲ್ಲ.

ಮೇಲೆ ಬಂದವನ ಒದ್ದೆ ಬಟ್ಟೆ ಕಳಚಿ, ಒಣ ಕಂಬಳಿ ಸುತ್ತಿ, ಮೊದಲು ಎದೆ ಹೊಟ್ಟೆಗಳನ್ನು ಬೆಚ್ಚಗಾಗಿಸಬೇಕು. ಮೈಶಾಖ 35 ಡಿಗ್ರಿಗಿಂತ ಇಳಿದವನನ್ನು ಓಡಾಡಿಸುವುದು, ಕೈಕಾಲು ಉಜ್ಜುವುದು, ಬಿಸಿನೀರಿಗೆ ಇಳಿಸುವುದು ಹೃದಯಕ್ಕೆ ಅಪಾಯ. ಪೂರ್ಣ ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. ಬ್ರಾಂದಿ ಮೈ ಬೆಚ್ಚಗಾಗಿಸುವುದೆಂಬುದು ಸಿನಿಮಾದ ವೈದ್ಯಶಾಸ್ತ್ರ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ.

ಉಡುಪಿನ ವಿಷಯದಲ್ಲಿ ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು. ಹತ್ತಿಯ ಬನಿಯನ್ನು ಬೆವರು ಹೀರಿ ಒದ್ದೆಯಾಗಿ ಮೈಗಂಟುತ್ತದೆ. ಒಳಗೆ ಉಣ್ಣೆಯದೇ ಇರಲಿ. ಮಂಕಿ ಕ್ಯಾಪನ್ನು ನೋಡಿ ನಗುವ ಮಕ್ಕಳೂ ಲೇಹ್‌ನ ಗಾಳಿಗೆ ಅದನ್ನೇ ಎಳೆದುಕೊಳ್ಳುತ್ತಾರೆ. ಸೀರೆಯ ನೆರಿಗೆ ಗಡ್ಡೆಯ ಮೇಲೆ ಅಲಗಿಗೆ ಸಿಕ್ಕುವುದರಿಂದ ಅಂದಿಗೆ ಮಾತ್ರ ಪೈಜಾಮವೇ ಸರಿ. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ಎತ್ತರದಲ್ಲಿ ಬಿಸಿಲಿನ ನೇರಳಾತೀತ ಕಿರಣ ತೀವ್ರ, ಹಿಮ ಅದನ್ನು ಮತ್ತೆ ಮುಖಕ್ಕೇ ಎಸೆಯುತ್ತದೆ. ಕಪ್ಪು ಕನ್ನಡಕವಿಲ್ಲದಿದ್ದರೆ ಸಂಜೆಗೆ ಕಣ್ಣಲ್ಲಿ ಮರಳು ಹೊಯ್ದಂತೆ ಉರಿ.

ಗಡ್ಡೆಯ ಮೇಲೆ ಬೀಳದವರಿಲ್ಲ. ಬೀಳುವಾಗ ಅಂಗೈ ಊರುವುದು ಮನುಷ್ಯ ಸ್ವಭಾವ. ಮಣಿಕಟ್ಟು ಮುರಿಯುವುದು ಹಾಗೆಯೇ. ಐವತ್ತು ದಾಟಿದ ಮಹಿಳೆಯರಲ್ಲಿ ಮೂಳೆ ಸವೆದಿರುವುದರಿಂದ ಇದು ಇನ್ನೂ ಸುಲಭ. ಮೊಣಕಾಲು ಬಗ್ಗಿಸಿ, ಮೈ ತುಸು ಮುಂದಕ್ಕೆ ಬಾಗಿಸಿ ನಿಂತರೆ ಬಿದ್ದರೂ ಪಕ್ಕಕ್ಕೆ, ತೊಡೆಯ ಮೇಲೆ ಬೀಳಬಹುದು. ತಲೆಗೆ ಶಿರಸ್ತ್ರಾಣ, ಮಣಿಕಟ್ಟಿಗೆ ಪಟ್ಟಿ ಅಗತ್ಯ. ಬೆಂಗಳೂರಿನಲ್ಲೋ ಪುಣೆಯಲ್ಲೋ ಗಾಲಿ ಸ್ಕೇಟಿಂಗ್ ಕಲಿತ ಮಕ್ಕಳು ಅರ್ಧ ಗಂಟೆಯಲ್ಲಿ ಹಿಡಿತ ಪಡೆಯುತ್ತಾರೆ. ತಂದೆತಾಯಿಗಳು ಹಿಡಿದುಕೊಳ್ಳಲು ಒಂದು ಕುರ್ಚಿಯನ್ನು ಮುಂದೆ ತಳ್ಳುತ್ತ ಕಲಿತರೂ ಅವಮಾನವಿಲ್ಲ. ಮೊದಲ ದಿನ ಇಪ್ಪತ್ತು ನಿಮಿಷ ಸಾಕು, ಏಕೆಂದರೆ ಆ ಗಾಳಿಯಲ್ಲಿ ದಣಿವು ಬೇಗ.

ಊಟ ಬಿಸಿಯಾಗಿರಲಿ, ನೀರು ಬಾಯಾರಿಕೆ ಕಾಯದೆ ಕುಡಿಯುತ್ತಿರಲಿ. ಬಾಳುವೆಯೆಲ್ಲ ತಿಳಿಸಾರು ಉಂಡವರಿಗೆ ಇದು ಕಷ್ಟವಲ್ಲ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯದು. ಚಟ್ನಿಪುಡಿ, ಹುರಿದ ಅವಲಕ್ಕಿ ಕಟ್ಟಿಕೊಂಡು ಹೋದವರು ಜಾಣರು. ಸಂಜೆ ಕೊಠಡಿಗೆ ಬಂದೊಡನೆ ಕಾಲುಚೀಲ ಕಳಚಿ ಎಲ್ಲರ ಬೆರಳು, ಕಿವಿ, ಮೂಗಿನ ತುದಿ ನೋಡಬೇಕು. ಬೆಳ್ಳಗೆ ಬಿರುಸಾಗಿ ಸ್ಪರ್ಶ ತಿಳಿಯದಿದ್ದರೆ ಅದು ಹಿಮಗಡಿತ. ಉಜ್ಜದೆ, ಬೆಂಕಿಗೆ ಹಿಡಿಯದೆ, 37ರಿಂದ 39 ಡಿಗ್ರಿಯ ನೀರಿನಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು.

ಕೊನೆಯದಾಗಿ, ಸರೋವರದಿಂದ ಸುರಕ್ಷಿತವಾಗಿ ಮರಳಿದವರನ್ನು ಕೊಠಡಿಯೊಳಗೆ ಕಾದು ಕುಳಿತಿರುವ ಅಪಾಯವೊಂದಿದೆ. ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಿದರೆ ಹೊರಹೊಮ್ಮುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ಮಂಪರು. ಎತ್ತರದ ಕಾಯಿಲೆಯವೇ ಇವು. ಒಂದೇ ಕೋಣೆಯ ಎಲ್ಲರಿಗೂ ಏಕಕಾಲದಲ್ಲಿ ತಲೆನೋವು ಬಂದರೆ ಮಾತ್ರೆ ಹುಡುಕುವ ಮೊದಲು ಬಾಗಿಲು ತೆರೆದು ಹೊರಗೆ ಬರಬೇಕು. ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಹೊರಗಿಟ್ಟು, ಕಿಟಕಿಯನ್ನು ಎರಡು ಬೆರಳಗಲ ತೆರೆದು, ಕಂಬಳಿಯನ್ನು ಇನ್ನೊಂದು ಹೆಚ್ಚು ಕೇಳಿ ಪಡೆಯುವುದು.